ತರಿಮೈ ತಿರುಪು

"ನೋವಾದ್ರೆ ಎಡಗೈ ಎತ್ತಿ ಯಜಮಾನ್ರೇ, ಮಾತಾಡೋಕೆ ಹೋಗ್ಬೇಡಿ."

ಮಾವ ರೆಪ್ಪೆ ಬಡಿದು ಒಪ್ಪಿಗೆ ಕೊಡುತ್ತಾರೆ. ಬಸವೇಶ್ವರನಗರದ ಹಾವನೂರು ಸರ್ಕಲ್ ಕಡೆಯ ಒಂದು ಮಹಡಿ ಕ್ಲಿನಿಕ್. ಕೆಳಗೆ ರಸ್ತೆಯಲ್ಲಿ ಸೊಪ್ಪಿನ ಗಾಡಿಯವನ ಕೂಗು, ಮೇಲೆ ಎ.ಸಿ.ಯ ತಂಪು, ಸ್ಪಿರಿಟ್ಟಿನ ವಾಸನೆ. ನನಗೂ ಗೌನು, ಟೋಪಿ, ಮಾಸ್ಕು ತೊಡಿಸಿ ಮೂಲೆಯಲ್ಲಿ ನಿಲ್ಲಿಸಿದ್ದಾರೆ. ಏನನ್ನೂ ಮುಟ್ಟಕೂಡದು. ಹಸಿರು ಬಟ್ಟೆಯ ಕಿಂಡಿಯೊಳಗೆ ಕಾಣುವುದು ಮಾವನ ಕಣ್ಣು, ಬಾಯಿ ಮಾತ್ರ. ಬಟ್ಟೆಯ ಕೆಳಗಿಂದ ಹೊರಚಾಚಿರುವ ಆ ಎರಡು ಕೈಗಳನ್ನು ಮಾತ್ರ ಎಲ್ಲಿ ಕಂಡರೂ ಗುರುತಿಸುತ್ತೇನೆ. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್‌ನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂವತ್ತೆಂಟು ವರ್ಷ ಲೇತ್ ತಿರುಗಿಸಿದ ಟರ್ನರ್‌ನ ಕೈಗಳು ಅವು. ಉಗುರಂಚಿನ ಕಪ್ಪು ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಹೋಗಿಲ್ಲ.

ಎಡಗಡೆ ಕೆಳದವಡೆಯ ಮೊದಲ ಅರೆಯುವ ಹಲ್ಲು ಹೋಗಿ ವರ್ಷವಾಯಿತು. ಇವತ್ತು ಆ ಜಾಗಕ್ಕೆ ಟೈಟಾನಿಯಮ್ ತಿರುಪು, ಅಂದರೆ ಇಂಪ್ಲಾಂಟ್.

ಒಸಡು ಬಿಡಿಸಿಯಾಗಿದೆ. ಕೆಳಗೆ ಮೂಳೆ, ಸಿಪ್ಪೆ ತೆಗೆದ ಬಾದಾಮಿಯ ಬಣ್ಣದ್ದು. ಮೊದಲು ಎರಡು ಮಿಲಿಮೀಟರಿನ ಡ್ರಿಲ್, ಆಮೇಲೆ ಸ್ವಲ್ಪ ದಪ್ಪದ್ದು, ಆಮೇಲೆ ಇನ್ನೂ ದಪ್ಪದ್ದು. ಪ್ರತಿ ಸಲವೂ ತಂಪು ಸಲೈನ್ ನೀರು ಡ್ರಿಲ್ಲಿನ ಮೇಲೆ ಸುರಿಯುತ್ತಲೇ ಇರುತ್ತದೆ, ಸಹಾಯಕಿ ಅದನ್ನು ಕೊಳವೆಯಿಂದ ಹೀರುತ್ತಲೇ ಇರುತ್ತಾಳೆ. ಡಾಕ್ಟರಮ್ಮ ಒತ್ತುವುದಿಲ್ಲ; ತಾಗಿಸಿ, ಎತ್ತಿ, ಮತ್ತೆ ತಾಗಿಸುತ್ತಾರೆ. ಮೂಳೆಯ ಬಿಸಿ 47 ಡಿಗ್ರಿಗೆ ಏರಿ ಒಂದು ನಿಮಿಷ ನಿಂತರೆ ಸಾಕು, ಅಲ್ಲಿನ ಜೀವಕೋಶಗಳು ಸಾಯುತ್ತವೆ. ಸ್ವೀಡನ್ನಿನ ಸಂಶೋಧಕರು 1983ರಲ್ಲೇ ಮೊಲಗಳ ಮೇಲೆ ಪರೀಕ್ಷಿಸಿ ಈ ಗಡಿಯನ್ನು ಕಂಡುಕೊಂಡರು. ಸತ್ತ ಮೂಳೆ ಯಾವ ತಿರುಪನ್ನೂ ಹಿಡಿದುಕೊಳ್ಳುವುದಿಲ್ಲ. ನೀರಿನ ಸದ್ದು ಕೇಳಿ ಮಾವನ ಹುಬ್ಬು ಸಡಿಲವಾಗುತ್ತದೆ. ಕೂಲೆಂಟ್ ಹರಿಯುತ್ತಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ಅವರಿಗೆ ಗೊತ್ತು.

"ಮೂಳೆ ಚೆನ್ನಾಗಿದೆ" ಎನ್ನುತ್ತಾರೆ ಡಾಕ್ಟರಮ್ಮ. ಕೈಗೆ ತಿಳಿಯುತ್ತದಂತೆ. ಕೆಳದವಡೆಯ ಮುಂಭಾಗವಾದರೆ ಗಟ್ಟಿ ಮರ ಕೊರೆದ ಹಾಗೆ, ಮೇಲ್ದವಡೆಯ ಹಿಂಭಾಗವಾದರೆ ಬೆಂಡು ಕೊರೆದ ಹಾಗೆ. ಮಾವನದು ನಡುವಿನದು.

ಈಗ ಪುಟ್ಟ ಗಾಜಿನ ಸೀಸೆ ತೆರೆಯುತ್ತದೆ. ಒಳಗೆ ಉಪ್ಪುನೀರಿನಲ್ಲಿ ಮುಳುಗಿರುವ ತಿರುಪು: ಹತ್ತು ಮಿಲಿಮೀಟರ್ ಉದ್ದ, ನಾಲ್ಕಕ್ಕೆ ತುಸು ಮೇಲೆ ದಪ್ಪ. ಅದನ್ನು ಯಾರೂ ಬೆರಳಿನಿಂದ ಮುಟ್ಟುವುದಿಲ್ಲ. ಉಪಕರಣದ ತುದಿಗೆ ಸಿಕ್ಕಿಸಿ ಎತ್ತಿದಾಗ ದೀಪದ ಬೆಳಕಿನಲ್ಲಿ ಅದರ ಎರಡು ಬಣ್ಣ ಕಾಣುತ್ತದೆ. ಒಸಡಿನ ಮಟ್ಟಕ್ಕೆ ಬರುವ ಕತ್ತು ಹೊಸ ಚಮಚದಂತೆ ಹೊಳೆಯುತ್ತದೆ. ಮೂಳೆಯೊಳಗೆ ಹೋಗುವ ಮೈಗೆ ಹೊಳಪೇ ಇಲ್ಲ, ಒಲೆಯ ಬೂದಿಯಂತೆ ಮಂಕು. ತುದಿ ಇನ್ನೂ ಗುಳಿಗೆ ತಾಗಿದೆಯಷ್ಟೆ, ರಕ್ತ ತಾನೇ ತಾನಾಗಿ ಆ ಮಂಕು ಮರೆಗಳನ್ನು, ಅಂದರೆ ತಿರುಪಿನ ಮೈ ಸುತ್ತಿರುವ ಸುರುಳಿ ಏಣುಗಳನ್ನು, ಹತ್ತಿಕೊಂಡು ಮೇಲೇರುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ. ಹೊಳೆಯುವ ಕತ್ತಿನ ಬಳಿ ಬಂದು ನಿಲ್ಲುತ್ತದೆ.

ನಾನು ಉಸಿರು ಹಿಡಿದು ನೋಡುತ್ತೇನೆ. ಈ ಕೆಲಸದ ಅರ್ಧ ಗುಟ್ಟು ಆ ಏರುವ ರಕ್ತದಲ್ಲಿದೆ.

ತಿರುಪು ನಿಧಾನವಾಗಿ ಇಳಿಯುತ್ತದೆ. ಕೊನೆಯ ಸುತ್ತುಗಳನ್ನು ಡಾಕ್ಟರಮ್ಮ ಕೈಯ ಟಾರ್ಕ್ ರೆಂಚಿನಲ್ಲಿ ಹಾಕುತ್ತಾರೆ. 35ರ ಗುರುತಿಗೆ ಕಡ್ಡಿ ಬಂದು ನಿಂತಾಗ ಕೈ ತೆಗೆಯುತ್ತಾರೆ. ಆಮೇಲೆ ತಿರುಪಿನ ತಲೆಗೆ ಒಂದು ಪುಟ್ಟ ಕಡ್ಡಿ ಸಿಕ್ಕಿಸುತ್ತಾರೆ. ಅದರ ತುದಿಯಲ್ಲಿ ಅಯಸ್ಕಾಂತವಿದೆ. ಪೆನ್ನಿನಂಥ ಯಂತ್ರವನ್ನು ಹತ್ತಿರ ತಂದರೆ ಅದು ಅಯಸ್ಕಾಂತದ ಮಿಡಿತ ಕಳಿಸಿ ಕಡ್ಡಿಯನ್ನು ನಡುಗಿಸುತ್ತದೆ. ಎಷ್ಟು ಬೇಗ ನಡುಗಿತು ಎಂಬುದನ್ನು 1ರಿಂದ 100ರೊಳಗಿನ ಒಂದು ಅಂಕಿಯಾಗಿ ಹೇಳುತ್ತದೆ. ತಂಬೂರಿಯ ತಂತಿ ಬಿಗಿದಷ್ಟೂ ಶ್ರುತಿ ಏರುವುದಿಲ್ಲವೇ, ಹಾಗೆಯೇ ಇದು. ತಿರುಪು ಗಟ್ಟಿ ನಿಂತಷ್ಟೂ ಅಂಕಿ ಹೆಚ್ಚು. 1990ರ ದಶಕದಲ್ಲಿ ನೀಲ್ ಮೆರೆಡಿತ್ ಎಂಬ ವಿಜ್ಞಾನಿ ರೂಪಿಸಿದ ವಿಧಾನ. ಪರದೆಯ ಮೇಲೆ ಅಂಕಿ ಮೂಡುತ್ತದೆ: 71.

"ಎಪ್ಪತ್ತರ ಮೇಲಿದ್ರೆ ಸಮಾಧಾನ" ಎನ್ನುತ್ತಾರೆ ಡಾಕ್ಟರಮ್ಮ. "ಅರವತ್ತರ ಕೆಳಗಿದ್ರೆ ಯೋಚನೆ ಮಾಡ್ಬೇಕಿತ್ತು."

ಹೊಲಿಗೆ ಮುಗಿದು ಎದ್ದು ಕೂತ ಮಾವನ ಕೆನ್ನೆಯೊಳಗೆ ಹತ್ತಿಯ ಉಂಡೆ. ಮಾತಾಡುವಂತಿಲ್ಲ. ಜೇಬಿನಿಂದ ಔಷಧಿ ಚೀಟಿ ತೆಗೆದು, ಹಿಂಬದಿಯಲ್ಲಿ ತಲೆಕೆಳಗಾದ ಮೂರು ತ್ರಿಕೋನ ಬರೆದು, ಮುಂದೆ ಪ್ರಶ್ನೆಚಿಹ್ನೆ ಹಾಕಿ ಡಾಕ್ಟರಮ್ಮನ ಕಡೆ ಹಿಡಿಯುತ್ತಾರೆ. ಅವರಿಗೆ ಅರ್ಥವಾಗುವುದಿಲ್ಲ, ನನಗಾಗುತ್ತದೆ. ಹಳೆಯ ಡ್ರಾಯಿಂಗುಗಳಲ್ಲಿ ಮೇಲ್ಮೈ ಎಷ್ಟು ನುಣುಪಾಗಿರಬೇಕೆಂದು ತ್ರಿಕೋನಗಳಲ್ಲಿ ಗುರುತು ಹಾಕುತ್ತಿದ್ದರು. ಒಂದು ತ್ರಿಕೋನವೆಂದರೆ ಒರಟು, ಮೂರಾದರೆ ನಯ. ಜೀವನವಿಡೀ ಮೂರು ತ್ರಿಕೋನದ ಕೆಲಸ ಮಾಡಿದವರು ಅವರು. ಇಷ್ಟು ದುಬಾರಿ ತಿರುಪಿಗೆ ಒಂದೇ ತ್ರಿಕೋನದ ಫಿನಿಷಿಂಗ್ ಯಾಕೆ ಎಂಬುದು ಪ್ರಶ್ನೆ.

ನಾನು ಬಿಡಿಸಿ ಹೇಳಿದಾಗ ಡಾಕ್ಟರಮ್ಮ ಕೈಗವಸು ಕಳಚಿ ಸ್ಟೂಲಿನ ಮೇಲೆ ಕೂರುತ್ತಾರೆ. ಹೊರಗೆ ಮುಂದಿನ ರೋಗಿ ಕಾಯುತ್ತಿದ್ದರೂ ಕೂರುತ್ತಾರೆ.

ಮೊದಮೊದಲು ಇಂಪ್ಲಾಂಟುಗಳೂ ಲೇತ್‌ನಿಂದ ಇಳಿದ ಹಾಗೇ ನುಣುಪಾಗಿದ್ದವು. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದ ಆರಂಭದಲ್ಲಿ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಮ್ ಕೊಳವೆ ಕೂರಿಸಿದ್ದರು. ಪ್ರಯೋಗ ಮುಗಿದು ಕೀಳಲು ಹೋದರೆ ಬರಲಿಲ್ಲ. ಮೂಳೆ ಅದನ್ನು ತನ್ನದಾಗಿ ಮಾಡಿಕೊಂಡಿತ್ತು. 1965ರಲ್ಲಿ ಗೋಥೆನ್‌ಬರ್ಗಿನಲ್ಲಿ ಯೋಸ್ತಾ ಲಾರ್ಸನ್ ಎಂಬವರ ದವಡೆಗೆ ಟೈಟಾನಿಯಮ್ ತಿರುಪುಗಳನ್ನು ಕೂರಿಸಿದರು. ಹುಟ್ಟಿನಿಂದ ಅಂಗುಳ ಸೀಳಿದ್ದ, ದವಡೆ ಸರಿಯಿಲ್ಲದ ಆ ಮನುಷ್ಯ 2006ರಲ್ಲಿ ತೀರಿಕೊಳ್ಳುವವರೆಗೂ ಅವುಗಳ ಮೇಲೆಯೇ ಊಟ ಮಾಡಿದರು. ಆದ್ದರಿಂದ ನುಣುಪು ಮೈ ನಿಲ್ಲುವುದೇ ಇಲ್ಲ ಎನ್ನುವಂತಿಲ್ಲ. ಕಾಯಬೇಕಿತ್ತು, ಅಷ್ಟೆ. ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು. ಬೆಂಡಿನಂಥ ಮೂಳೆಯಲ್ಲಿ ಅಷ್ಟು ಕಾದರೂ ಕೈಕೊಡುವುದು ಹೆಚ್ಚು. ಕಾಯುವ ಕಾಲವನ್ನು ಇಳಿಸಿದ್ದು, ಮೆದು ಮೂಳೆಯಲ್ಲೂ ಭರವಸೆ ತಂದಿದ್ದು ಈ ಮಂಕು ಮೈ.

"ಇದಕ್ಕೆ ಮೊದಲು ಸ್ಯಾಂಡ್ ಬ್ಲಾಸ್ಟಿಂಗ್ ಮಾಡ್ತಾರೆ ಯಜಮಾನ್ರೇ, ಆಮೇಲೆ ಬಿಸಿ ಆಸಿಡ್‌ನಲ್ಲಿ ಅದ್ದುತ್ತಾರೆ."

ಮಾವನ ಕಣ್ಣು ಅರಳುತ್ತದೆ. ಚೀಟಿಯ ಮೇಲೆ ಬರೆಯುತ್ತಾರೆ: ಕಾಮಾಕ್ಷಿಪಾಳ್ಯ.

*

ಹೊಲಿಗೆ ಬಿಚ್ಚಿದ ಮರುದಿನವೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಕೈಗಾರಿಕಾ ಬೀದಿಗಳಿಗೆ ಆಟೋ ತಿರುಗುತ್ತಲೇ ಮೂಗಿಗೆ ಹುಳಿ ವಾಸನೆ. ಪ್ಲೇಟಿಂಗ್ ಶೆಡ್ಡುಗಳ ಆಸಿಡ್ ತೊಟ್ಟಿಗಳದು. ಒಂದು ಬಾಗಿಲಲ್ಲಿ ಪೌಡರ್ ಕೋಟಿಂಗ್, ಪಕ್ಕದಲ್ಲಿ ಬಫಿಂಗ್, ಎದುರಿಗೆ ಅನೋಡೈಸಿಂಗ್. ಲೋಹದ ಮೈಯನ್ನು ಏನೇನು ಮಾಡಬಹುದೋ ಅದೆಲ್ಲ ಈ ಎರಡು ಬೀದಿಯಲ್ಲಿದೆ. ಇಲ್ಲಿ ಇಂಪ್ಲಾಂಟ್ ಮಾಡುವುದಿಲ್ಲ, ಮಾಡಲೂ ಬಾರದು. ಅದಕ್ಕೆ ಬೇಕಾದ ಶುಚಿ ಬೇರೆ, ಪರವಾನಗಿ ಬೇರೆ. ಆದರೆ ಕೆಲಸದ ಬುದ್ಧಿ ಒಂದೇ.

ಮಾವನ ಹಳೆಯ ಜೊತೆಗಾರರ ಶೆಡ್ಡು. "ಬಾಪ್ಪ, ಹಲ್ಲು ಬಂತಾ?" ಎಂದು ಒಳಗೆ ಕರೆಯುತ್ತಾರೆ. ಗಾಜಿನ ಕಿಟಕಿಯಿರುವ ಪೆಟ್ಟಿಗೆ, ಅದರೊಳಗೆ ತೂರಿಸಿದ ಎರಡು ರಬ್ಬರ್ ಕೈಗವಸು. ಅವರು ಆ ಗವಸುಗಳಿಗೆ ಕೈ ತೂರಿಸಿ ಒಂದು ಹೊಳೆಯುವ ಉಕ್ಕಿನ ತಗಡನ್ನು ಹಿಡಿದು ಪೆಡಲ್ ಒತ್ತುತ್ತಾರೆ. ಕಿವಿ ಕೊರೆಯುವ ಶಬ್ದ. ಕುರಂದದ ಪುಡಿ ಗಾಳಿಯೊತ್ತಡದಲ್ಲಿ ಬಂದು ಬಡಿಯುತ್ತದೆ; ನಾನು ನೋಡುತ್ತಿರುವಂತೆಯೇ ತಗಡಿನ ಹೊಳಪು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಳಿದುಹೋಗುತ್ತದೆ. ಹೊರಗೆ ತೆಗೆದಾಗ ಅದೇ ಬೂದಿ ಬಣ್ಣ.

ಇಂಪ್ಲಾಂಟಿಗೆ ಹೊಡೆಯುವ ಕುರಂದದ ಹರಳು ಸುಮಾರು ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್. ಅದು ಮೈಯಲ್ಲಿ ಇಪ್ಪತ್ತು ನಲವತ್ತು ಮೈಕ್ರಾನ್ ಅಗಲದ ಗುಳಿಗಳನ್ನು ಮಾಡುತ್ತದೆ. ಆಮೇಲೆ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಸಿಡ್ ಆ ಗುಳಿಗಳೊಳಗೆ ಒಂದೆರಡು ಮೈಕ್ರಾನಿನ ಕಿರುಗುಳಿಗಳನ್ನು ತಿನ್ನುತ್ತದೆ. ದೊಡ್ಡ ಗುಂಡಿಯೊಳಗೆ ಚಿಕ್ಕ ಗುಂಡಿಗಳು. 1991ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಬೂಸರ್ ಮತ್ತು ಜೊತೆಗಾರರು ಪುಟ್ಟಹಂದಿಗಳ ಮೂಳೆಯಲ್ಲಿ ಬೇರೆ ಬೇರೆ ಮೈಯ ಟೈಟಾನಿಯಮ್ ಕೂರಿಸಿ ನೋಡಿದಾಗ, ಬ್ಲಾಸ್ಟಿಂಗ್ ಮಾಡಿ ಆಸಿಡ್ ಹಾಕಿದ ಮೈಗೆ ನುಣುಪಿನದಕ್ಕಿಂತ ಎಷ್ಟೋ ಹೆಚ್ಚು ಮೂಳೆ ಅಂಟಿತ್ತು. ಆ ದಶಕದ ಕೊನೆಯ ಹೊತ್ತಿಗೆ ಅಂಥ ತಿರುಪುಗಳು ಮಾರುಕಟ್ಟೆಗೆ ಬಂದವು. ಗಟ್ಟಿ ಮೂಳೆಯಲ್ಲಿ ಕಾಯುವುದು ಆರು ವಾರಕ್ಕೆ ಇಳಿಯಿತು.

ಹಾಗಾದರೆ ಒರಟು ಹೆಚ್ಚಾದಷ್ಟೂ ಒಳ್ಳೆಯದೇ? ಅದನ್ನೂ ಮಾಡಿ ನೋಡಿದ್ದಾರೆ. 1970ರ ದಶಕದಿಂದ ಕರಗಿದ ಟೈಟಾನಿಯಮ್ಮನ್ನೇ ಮೈಮೇಲೆ ಸಿಂಪಡಿಸಿ ಬಹಳ ತರಿಯಾದ ತಿರುಪುಗಳನ್ನು ಮಾಡಿದರು. ಮೂಳೆ ಹಿಡಿಯಿತು, ಆದರೆ ಒಸಡು ಇಳಿದು ಆ ತರಿ ಬಾಯಿಗೆ ತೆರೆದುಕೊಂಡರೆ ಬ್ಯಾಕ್ಟೀರಿಯಾಗಳಿಗೂ ಅಷ್ಟೇ ಒಳ್ಳೆಯ ಮನೆಯಾಯಿತು. ಮೂಳೆಯ ಖನಿಜವನ್ನೇ ಲೇಪಿಸಿದ ತಿರುಪುಗಳೂ ಬಂದವು. ಅವು ಬೇಗ ಕೂಡಿಕೊಂಡರೂ ಲೇಪ ಎದ್ದುಬರುವ ದೂರು ಕೇಳಿಬಂತು. ಈಗ ಹೆಚ್ಚಿನವರು ಬಂದು ನಿಂತಿರುವುದು ನಡುವಿನ ಒರಟಿಗೆ: ಸರಾಸರಿ ಒಂದರಿಂದ ಎರಡು ಮೈಕ್ರಾನ್. ಕೆಲವರು ಅಲ್ಲಿಗೆ ಬ್ಲಾಸ್ಟಿಂಗ್‌ನಿಂದ ಹೋಗುತ್ತಾರೆ, ಕೆಲವರು ಅನೋಡೈಸಿಂಗ್‌ನಿಂದ, ಅಂದರೆ ವಿದ್ಯುತ್ ಹಾಯಿಸಿ ಆಕ್ಸೈಡ್ ಪದರವನ್ನು ದಪ್ಪಗೆ, ರಂಧ್ರರಂಧ್ರವಾಗಿ ಬೆಳೆಸುವುದರಿಂದ. ಕತ್ತಿನ ಭಾಗವನ್ನು ಹೊಳಪಾಗಿಯೇ ಬಿಟ್ಟಿದ್ದಕ್ಕೂ ಇದೇ ಕಾರಣ: ಕೊಳೆ ಕೂರಬಾರದು, ಬ್ರಷ್‌ಗೆ ಸಿಗಬೇಕು.

ಜೊತೆಗಾರರು ತಗಡನ್ನು ಆಸಿಡ್ಡಿನಲ್ಲಿ ಅದ್ದಿ, ಮೂರು ತೊಟ್ಟಿಯ ನೀರಿನಲ್ಲಿ ತೊಳೆದು ನನ್ನ ಮುಂದೆ ನೆಟ್ಟಗೆ ಹಿಡಿಯುತ್ತಾರೆ. "ನೋಡಮ್ಮ, ನೀರು ಒಡೀತಾ?"

ಒಡೆಯುವುದಿಲ್ಲ. ತಗಡಿನ ಮೇಲೆ ಗಾಜಿನ ಹಾಳೆ ಹೊದಿಸಿದಂತೆ ನೀರು ಒಂದೇ ಪರದೆಯಾಗಿ ನಿಂತಿದೆ. ನಿನ್ನೆ ಬ್ಲಾಸ್ಟಿಂಗ್ ಆಗಿ ಬೆಂಚಿನ ಮೇಲೆ ಬಿದ್ದಿದ್ದ ಇನ್ನೊಂದು ತಗಡಿಗೆ ನೀರು ಹಾಕುತ್ತಾರೆ. ಅದರಲ್ಲಿ ನೀರು ಅಲ್ಲಲ್ಲಿ ಕಿತ್ತುಹೋಗಿ, ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ಜಾರುತ್ತದೆ. "ಗಾಳೀಲಿ ಎಣ್ಣೆ ಪಸೆ ಇರತ್ತೆ. ಕೂತ್ಬಿಟ್ಟಿದೆ. ಇದಕ್ಕೆ ಪ್ಲೇಟಿಂಗ್ ಮಾಡಿದ್ರೆ ಸಿಪ್ಪೆ ಏಳತ್ತೆ."

ಕ್ಲಿನಿಕ್ಕಿನಲ್ಲಿ ತಿರುಪು ಉಪ್ಪುನೀರಿನಲ್ಲಿ ಯಾಕೆ ಮುಳುಗಿತ್ತು ಎಂಬುದು ನನಗೆ ಹೊಳೆದದ್ದು ಆ ಶೆಡ್ಡಿನಲ್ಲಿ. ಟೈಟಾನಿಯಮ್ ಗಾಳಿಗೆ ತೆರೆದುಕೊಂಡರೆ ಗಾಳಿಯಲ್ಲಿರುವ ಇಂಗಾಲದ ಪಸೆ ಅದರ ಮೇಲೂ ಕೂರುತ್ತದೆ, ಮೈ ಮುಪ್ಪಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ತಕಾಹಿರೊ ಒಗಾವಾ ಅವರ ತಂಡ ಈ ಮುಪ್ಪನ್ನು ವಿವರವಾಗಿ ಅಭ್ಯಾಸ ಮಾಡಿ, ನೇರಳಾತೀತ ಬೆಳಕು ಹಾಯಿಸಿದರೆ ಮೈ ಮತ್ತೆ ನೀರು ಹಿಡಿಯುತ್ತದೆ ಎಂದು ತೋರಿಸಿತು. ಸ್ವಿಟ್ಜರ್ಲೆಂಡಿನ ಒಂದು ಕಂಪನಿ ಇನ್ನೊಂದು ದಾರಿ ಹಿಡಿಯಿತು: ಆಸಿಡ್ ಆದ ಮೇಲೆ ಗಾಳಿ ತಾಗಿಸದೆ ಉಪ್ಪುನೀರಿನಲ್ಲೇ ಇಟ್ಟು 2005ರ ಹೊತ್ತಿಗೆ ಮಾರುಕಟ್ಟೆಗೆ ತಂದಿತು. ಗಾರೆ ಕೆಲಸದವರು ಗಿಲಾವು ಬಳಿಯುವ ಮುಂಚೆ ಗೋಡೆಗೆ ಕಚ್ಚು ಹೊಡೆದು, ನೀರೂ ಎರಚುತ್ತಾರಲ್ಲ? ಒಣಗೋಡೆ ಎಷ್ಟೇ ಒರಟಾಗಿದ್ದರೂ ಗಿಲಾವು ನಿಲ್ಲುವುದಿಲ್ಲ.

*

ಮೂರನೇ ವಾರ. ಮತ್ತೆ ಅದೇ ಕುರ್ಚಿ. ಮಾವನಿಗೆ ನೋವಿಲ್ಲ, ಊತವಿಲ್ಲ. "ಕಲ್ಲು ಕೂತ ಹಾಗೆ ಕೂತಿದೆ, ಈಗ್ಲೇ ಕ್ಯಾಪ್ ಹಾಕ್ಬಿಡಿ ಡಾಕ್ಟ್ರಮ್ಮ, ಮೊಮ್ಮಗನ ನಾಮಕರಣ ಇದೆ" ಎನ್ನುತ್ತಾರೆ. ಡಾಕ್ಟರಮ್ಮ ನಗುತ್ತಲೇ ಅಯಸ್ಕಾಂತದ ಕಡ್ಡಿ ಸಿಕ್ಕಿಸಿ, ಪೆನ್ನು ಹಿಡಿಯುತ್ತಾರೆ.

64.

ಮಾವನ ಮುಖ ಇಳಿಯುತ್ತದೆ. ಬಿಗಿ ಮಾಡಿದ ಬೋಲ್ಟು ತಾನಾಗಿ ಸಡಿಲವಾದರೆ ಅವರ ಲೋಕದಲ್ಲಿ ಅದು ಕೆಟ್ಟ ಕೆಲಸ. ಡಾಕ್ಟರಮ್ಮ ಮಾತ್ರ ಗಾಬರಿಯಾಗಿಲ್ಲ. ಇದನ್ನೇ ಅವರು ನಿರೀಕ್ಷಿಸಿದ್ದರು.

ಮೊದಲ ದಿನದ 71 ಬರೀ ತಿರುಪಿನ ಬಿಗಿ. ಮರೆಗಳು ಮೂಳೆಯನ್ನು ಒತ್ತಿ ಹಿಡಿದಿದ್ದವು, ಮರಕ್ಕೆ ಹಾಕಿದ ಸ್ಕ್ರೂ ಹಾಗೆ. ಆ ಬಿಗಿಯಲ್ಲಿ ಮೈಯ ಸಂಸ್ಕಾರಕ್ಕೆ ಹೆಚ್ಚು ಪಾತ್ರವಿಲ್ಲ. ಮೂಳೆಯ ಗಟ್ಟಿತನ, ಮರೆಯ ಆಕಾರ, ಡ್ರಿಲ್ ಹಿಡಿದ ಕೈ, ಇವುಗಳದೇ ಪಾತ್ರ. ಆದರೆ ಒತ್ತಿಸಿಕೊಂಡ ಮೂಳೆ ಹಾಗೇ ಇರುವುದಿಲ್ಲ. ದೇಹ ಅದನ್ನು ಕೆಡವಿ ಹೊಸದನ್ನು ಕಟ್ಟುತ್ತದೆ. ಹಳೆಯದು ಕರಗುತ್ತಿದೆ, ಹೊಸದು ಇನ್ನೂ ಎಳೆಯದು: ಎರಡರಿಂದ ನಾಲ್ಕನೇ ವಾರದ ಸುಮಾರಿಗೆ ಇಂಥದೊಂದು ಇಳಿಜಾರು ಬರುತ್ತದೆ. ಹೊರಗೆ ಎಲ್ಲ ವಾಸಿಯಾದಂತೆ ಕಾಣುವ ಹೊತ್ತಿಗೇ ಒಳಗೆ ಹಿಡಿತ ತೀರಾ ಕಡಿಮೆಯಾಗಿರುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಜನರಿಗೆ ತಿಳಿಯಲೇಬೇಕಾದ ಮಾತು ಇದೊಂದೇ.

ತರಿಮೈ ಕೆಲಸಕ್ಕೆ ಬರುವುದು ಈ ಇಳಿಜಾರಿನಲ್ಲಿ. ಮೊದಲ ದಿನ ಮೇಲೇರಿದ ಆ ರಕ್ತ ಮರೆಗಳ ಮೇಲೆ ಹೆಪ್ಪುಗಟ್ಟಿ ಎಳೆಎಳೆಯಾದ ಬಲೆ ನೇಯುತ್ತದೆ. ಮೂಳೆ ಕಟ್ಟುವ ಕೋಶಗಳು ಆ ಎಳೆಗಳನ್ನು ಹಿಡಿದು ತಿರುಪಿನ ಕಡೆ ತೆವಳುತ್ತವೆ. ತೆವಳುವಾಗ ಎಳೆಯುತ್ತವೆ. ನುಣುಪು ಮೈಯಾದರೆ ಎಳೆ ಕಳಚಿಕೊಳ್ಳುತ್ತದೆ, ಕೋಶಗಳು ದೂರದಲ್ಲೇ ನಿಲ್ಲುತ್ತವೆ, ಮೂಳೆ ಗುಳಿಯ ಗೋಡೆಯಿಂದ ಮಾತ್ರ ನಿಧಾನವಾಗಿ ಬೆಳೆದು ಬರಬೇಕು. ಗುಂಡಿಯೊಳಗಿನ ಗುಂಡಿಗಳಲ್ಲಿ ಸಿಕ್ಕಿಕೊಂಡ ಎಳೆ ಕಳಚುವುದಿಲ್ಲ. ಕೋಶಗಳು ತಿರುಪಿನ ಮೈಮೇಲೆಯೇ ಬಂದು ಕೂತು ಅಲ್ಲಿಂದಲೇ ಮೂಳೆ ಹಾಕಲು ಶುರುಮಾಡುತ್ತವೆ. ಕಟ್ಟಡ ಎರಡೂ ಕಡೆಯಿಂದ ಏಳುತ್ತದೆ. ಇಳಿಜಾರು ಕಡಿಮೆ ಆಳವಾಗುತ್ತದೆ, ಬೇಗ ಮುಗಿಯುತ್ತದೆ. ಇಳಿಜಾರೇ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

"ನಾಮಕರಣಕ್ಕೆ ಮೆತ್ತಗಿರೋದು ತಿನ್ನಿ. ಆ ಕಡೆ ಅಗಿಯೋದು ಬೇಡ" ಎನ್ನುತ್ತಾರೆ ಡಾಕ್ಟರಮ್ಮ. "ಸಕ್ಕರೆ ಹತೋಟೀಲಿರ್ಲಿ. ಬೀಡಿ ಬಿಟ್ಟೋರು ಮತ್ತೆ ಹಚ್ಚಬೇಡಿ. ಅವೆರಡೂ ಕೆಟ್ರೆ ನನ್ನ ತಿರುಪಿನ ಮೈ ಏನೂ ಮಾಡಕ್ಕಾಗಲ್ಲ."

ಮಾವ ತಲೆಯಾಡಿಸುತ್ತಾರೆ.

*

ಎಂಟನೇ ವಾರ, ಮಳೆ ಬಿದ್ದು ನಿಂತ ಸಂಜೆ. ಕಡ್ಡಿ ಸಿಕ್ಕಿಸುವಾಗ ಮಾವ ಕಣ್ಣು ಮುಚ್ಚುತ್ತಾರೆ. ಸಹಾಯಕಿ ಅಂಕಿ ಓದುತ್ತಾಳೆ: 76. ಪಕ್ಕದಿಂದ ಅಳೆದರೆ 75. ಇದು ಬಿಗಿಯ ಅಂಕಿಯಲ್ಲ, ಬೆಳೆದ ಮೂಳೆಯ ಅಂಕಿ. ಕ್ಯಾಪಿಗೆ ಅಳತೆ ತೆಗೆಯುತ್ತಾರೆ. ಹೊರಡುವಾಗ ಡಾಕ್ಟರಮ್ಮ ಒಂದು ಕಾರ್ಡು ಕೊಡುತ್ತಾರೆ. ಅದಕ್ಕೆ ಅಂಟಿಸಿದ ಲೇಬಲ್ಲಿನಲ್ಲಿ ಕಂಪನಿಯ ಹೆಸರು, ತಿರುಪಿನ ಉದ್ದ ದಪ್ಪ, ಮೈಯ ಬಗೆ, ಲಾಟ್ ನಂಬರ್. ಮಾವ ಅದನ್ನು ಆಧಾರ್ ಕಾರ್ಡಿನ ಹಿಂದೆ ಸೇರಿಸಿಡುತ್ತಾರೆ.

ಆ ಲೇಬಲ್ ನೋಡಿದಾಗ ನನಗೆ ವಿಜಯನಗರದ ಚಿಕ್ಕಮ್ಮ ನೆನಪಾಗುತ್ತಾರೆ. ಕೆಲವು ವರ್ಷದ ಹಿಂದೆ ಅವರಿಗೆ ಒಂದು ಕಡೆ ಇಂಪ್ಲಾಂಟ್ ಹಾಕಿದ್ದರು. ಮನೆಯಲ್ಲಿ ಮದುವೆಯಿತ್ತು, ಮೂರನೇ ವಾರಕ್ಕೇ ಕ್ಯಾಪ್ ಕೂರಿಸಿದರು. ಬೇಗ ಕ್ಯಾಪ್ ಹಾಕುವುದೇ ತಪ್ಪೆಂದಲ್ಲ, ಅಳೆದು ನೋಡಿ ಹಾಕುವವರಿದ್ದಾರೆ. ಅಲ್ಲಿ ಯಾರೂ ಅಳೆದಿರಲಿಲ್ಲ. ತಿರುಪು ಅಲುಗಾಡತೊಡಗಿತು. ಇನ್ನೊಬ್ಬ ವೈದ್ಯರ ಬಳಿ ಹೋದರೆ ಅವರು ಕೇಳಿದ ಮೊದಲ ಪ್ರಶ್ನೆ, ಇದು ಯಾವ ಕಂಪನಿಯದು? ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ, ಹಾಕಿದ ಕ್ಲಿನಿಕ್ ಮುಚ್ಚಿತ್ತು. ಒಂದೊಂದು ಕಂಪನಿಯ ತಿರುಪಿಗೆ ಒಂದೊಂದು ಬಗೆಯ ಡ್ರೈವರ್. ಹೆಸರು ಗೊತ್ತಿಲ್ಲದ ತಿರುಪನ್ನು ಬಿಚ್ಚುವುದೂ ಕಷ್ಟ, ಉಳಿಸುವುದೂ ಕಷ್ಟ. ಕೊನೆಗೆ ಕಿತ್ತರು. ಹೊರಬಂದ ತಿರುಪನ್ನು ಚಿಕ್ಕಮ್ಮ ಒಂದು ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಿದ್ದಾರೆ.

ರಾಜಾಜಿನಗರದ ಬೀದಿ ಬೀದಿಯಲ್ಲೂ ಇಂದು ಇಂಪ್ಲಾಂಟಿನ ಬೋರ್ಡುಗಳಿವೆ. ಕೆಂಗೇರಿ ದಾಟಿದರೆ ಕುಂಬಳಗೋಡಿನ ರಾಜರಾಜೇಶ್ವರಿ ಡೆಂಟಲ್ ಕಾಲೇಜು, ಕೋಟೆಯ ಬಳಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು. ನೀವು ಎಲ್ಲಿಗಾದರೂ ಹೋಗಿ. ತಿರುಪಿನ ಮೈ ಯಾವ ಬಗೆಯದು, ನನ್ನ ಮೂಳೆಗೆ ಎಷ್ಟು ವಾರ ಕಾಯಬೇಕು, ಕ್ಯಾಪಿಗೆ ಮುಂಚೆ ಗಟ್ಟಿತನವನ್ನು ಅಳೆಯುತ್ತೀರಾ ಎಂದು ಕೇಳಿ. ಒಳ್ಳೆಯ ವೈದ್ಯರು ಸಂತೋಷದಿಂದ ಹೇಳುತ್ತಾರೆ. ಮನೆಗೆ ಹೊರಡುವ ಮುಂಚೆ ಪೊಟ್ಟಣದ ಲೇಬಲ್ ಕೇಳಿ ಇಸಿದುಕೊಳ್ಳಿ. ಕಿತ್ತು ಅಂಟಿಸಲೆಂದೇ ಅದನ್ನು ಮಾಡಿರುತ್ತಾರೆ: ಒಂದು ಕ್ಲಿನಿಕ್ಕಿನ ಕಡತಕ್ಕೆ, ಒಂದು ನಿಮಗೆ.